ಗಡ್ಡೆ ಎಂದು ಹೇಳಿದ್ದರು

ಜೂನ್ 11, ಬುಧವಾರ

ಮೊದಲ ಪೀರಿಯಡ್ಡೇ ಲ್ಯಾಬು. ಫಾರ್ಮಲಿನ್ ಜಾಡಿಯ ಮುಚ್ಚಳ ಸಡಿಲವಾಗಿದೆ. ಒಳಗಿನ ಕಪ್ಪೆ ಅರ್ಧ ಕರಗಿ ಬೂದು ಮುದ್ದೆ. ಅಟೆಂಡರನ್ನು ಕರೆದರೆ, "ಹೋದ್ ವರ್ಷದಿಂದ್ಲೂ ಹಾಗೇ ಇದೆ ಮೇಡಂ" ಎಂದ. ಸ್ಟಾಫ್ ರೂಮಿಗೆ ಬಂದರೆ ಯಾರದೋ ಡಬ್ಬಿಯಲ್ಲಿ ಹಳಸಿದ ಅನ್ನ. ಇಪ್ಪತ್ತಮೂರು ವರ್ಷದಿಂದ ಇದೇ ಬಸವನಗುಡಿ ಕಾಲೇಜು, ಇದೇ ಬಯಾಲಜಿ, ಇದೇ ವಾಸನೆ. ಸಾಯಂಕಾಲ ವಿ.ವಿ. ಪುರಂ ತಿಂಡಿ ಬೀದಿ ದಾಟಿ ಬರುವಾಗ ಚರಂಡಿ ಪಕ್ಕದಲ್ಲೇ ನಿಂತು ಜನ ಬಾಯಿತುಂಬ ತಿನ್ನುತ್ತಿದ್ದರು. ಉಸಿರು ಬಿಗಿಹಿಡಿದು ನಡೆದೆ.

ಭಾನುವಾರದ್ದು ಬರೆಯುವುದು ಬಿಟ್ಟುಹೋಗಿತ್ತು. ತಂಗಿ ಆರಾಧನಾ ಮಲ್ಲೇಶ್ವರದಿಂದ ಬಂದಿದ್ದಳು, ಮಗಳು ಲಾಸ್ಯಾ ಜೊತೆ. ಲಾಸ್ಯಾಗೆ ಹದಿನಾರು, ಫಸ್ಟ್ ಪಿಯು. ಅಪ್ಪನಿಗಿಂತ ಎತ್ತರ. ಬ್ಯಾಸ್ಕೆಟ್‌ಬಾಲ್ ಆಡಿ ಬಂದ ಬೆವರಿನಲ್ಲೇ ನನ್ನ ತಟ್ಟೆಯಿಂದ ಹಪ್ಪಳ ಕಿತ್ತುಕೊಂಡಳು. ಅವಳು ಮಾಡಿದರೆ ಅಸಹ್ಯವಾಗುವುದಿಲ್ಲ, ಅದೊಂದು ಆಶ್ಚರ್ಯ. ಅಮ್ಮ ಅವಳ ಕೆನ್ನೆ ಸವರಿ, "ಒಂದ್ ಮೊಡವೆ ಇಲ್ಲ ನೋಡೇ, ಬೆಣ್ಣೆ ಮುಖ. ಸುಪ್ರಜಾ ಈ ವಯಸ್ಸಲ್ಲಿ ಹೀಗೇ ಇದ್ಲು" ಎಂದಳು ನನ್ನ ಕಡೆ ನೋಡಿ. ಆಮೇಲೆ ಯಾಕೋ ಮಾತು ನುಂಗಿಕೊಂಡು ಒಳಗೆ ಹೋದಳು. ಆರಾಧನಾ ಫೋನ್ ನೋಡುತ್ತ ಕೂತಳು.

ಜುಲೈ 19, ಶನಿವಾರ

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಐದು ವಾರ. ಒಳಗಿನ ಚರ್ಮ ಬೆಂದ ಆಲೂಗಡ್ಡೆ ಸಿಪ್ಪೆಯ ಹಾಗೆ ಏಳುತ್ತಿದೆ. ಎಷ್ಟು ತೊಳೆದರೂ ನಾತ. ಅಕ್ಷರ ಎಲ್ಲೆಲ್ಲಿಗೋ ಹೋಗುತ್ತಿದೆ, ಹೋಗಲಿ.

ಜೂನ್ 13ಕ್ಕೆ ಬಿದ್ದದ್ದು. ಒರೆಸಿದ ಕಾರಿಡಾರು, ಕಾಲು ಜಾರಿತು, ಬಲಗೈ ಊರಿದೆ. ಅಷ್ಟೇ. ಮಣಿಕಟ್ಟು ಚಕ್ಕುಲಿಯ ಹಾಗೆ ಮುರಿಯಿತು. ಹುಡುಗಿಯರು ಸುತ್ತ ನಿಂತರು. ಅಷ್ಟರಲ್ಲಿ ವೈಸ್ ಪ್ರಿನ್ಸಿಪಾಲ್ ಸಂಕರ್ಷಣ ಓಡಿಬಂದು, ನನ್ನ ಎಡಗೈ ಬಿಡಿಸಿ, ತನ್ನ ಸ್ಕೂಟರ್ ಕೀ ಗೊಂಚಲು ತುರುಕಿದ. "ಗಟ್ಟಿಯಾಗಿ ಹಿಡ್ಕೊಳ್ಳಿ, ಬಿಡ್ಬೇಡಿ!" ಫಿಟ್ಸ್ ಬಂದವರಿಗೆ ಕಬ್ಬಿಣ ಹಿಡಿಸುವಂತೆ. ಹುಡುಗಿಯರು ಕಿಸಕ್ಕೆಂದರು. ಇವನೇ ಒಂದು ಕಾಲದಲ್ಲಿ ನನ್ನನ್ನು ಮದುವೆಯಾಗುತ್ತೇನೆ ಎಂದವನು. 2003ರಲ್ಲಿ. ಮನೆಗೆ ಬಂದು ಕೇಳುತ್ತೇನೆ ಎಂದು ಹೇಳಿ ಬರಲೇ ಇಲ್ಲ, ಮಾತೂ ನಿಲ್ಲಿಸಿದ. ಆ ಬೆವರು ಹತ್ತಿದ ಕೀಲಿಗಳು ಇನ್ನೂ ಅಂಗೈಯಲ್ಲಿದ್ದಂತಿದೆ.

ಮೂಳೆ ಡಾಕ್ಟರು ಸ್ಕ್ಯಾನ್ ಮಾಡಿಸಿ, "ನಲವತ್ತಾರಕ್ಕೆ ಎಪ್ಪತ್ತರ ಮೂಳೆ ಇದೆಯಲ್ಲ" ಎಂದರು. ಹಾರ್ಮೋನ್ ಡಾಕ್ಟರನ್ನು ನೋಡಬೇಕಂತೆ. ಹೆಸರು ಮನೋಹರ್, ಚಾಮರಾಜಪೇಟೆಯಲ್ಲಿ.

ಜುಲೈ 26, ಶನಿವಾರ

ಡಾ. ಮನೋಹರ್‌ಗೆ ನಲವತ್ತರೊಳಗಿನ ವಯಸ್ಸು. ಕಡಿಮೆ ಮಾತು. ಮುಟ್ಟು ಯಾವಾಗ ನಿಂತಿತು ಎಂದು ಕೇಳಿದರು.

"ಶುರುವೇ ಆಗಲಿಲ್ಲ. ಹದಿನಾರಕ್ಕೆ ಗರ್ಭಕೋಶದಲ್ಲಿ ಗಡ್ಡೆ ಇತ್ತಂತೆ. ತೆಗೆದುಹಾಕಿದ್ರು."

ಮೂವತ್ತು ವರ್ಷದಿಂದ ಎಲ್ಲರಿಗೂ ಒಪ್ಪಿಸುತ್ತಿರುವ ಪಾಠ. ನರ್ಸನ್ನು ಕರೆದು ಪರೀಕ್ಷೆ ಮಾಡಿದರು. ಕೈ ತೊಳೆದುಕೊಂಡು ಬಂದು ಕೂತರು.

"ಮೇಡಂ, ಗರ್ಭಕೋಶ ತೆಗ್ದಿದ್ರೆ ಗುರುತು ಕೆಳಹೊಟ್ಟೇಲಿರ್ಬೇಕು. ನಿಮ್ಗೆ ಎರಡೂ ತೊಡೆ ಸಂದೀಲಿದೆ. ಆಗಿನ ಪೇಪರ್ಸ್ ಇದ್ಯಾ?"

ಮನೆಗೆ ಬಂದು ಕೇಳಿದೆ. ಅಮ್ಮ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. "ಸುಣ್ಣ ಹೊಡ್ಸುವಾಗ ಎಲ್ಲ ಹೋಯ್ತು. ಈಗ್ಯಾಕೆ ಅದೆಲ್ಲ?" ಎಳೆಯ ಎಲೆಗಳೆಲ್ಲ ಕಸದ ಕಡೆಗೆ ಹೋಗುತ್ತಿದ್ದವು.

ರಕ್ತ ಕೊಟ್ಟಿದ್ದೇನೆ. ಕ್ರೋಮೋಸೋಮ್ ನೋಡುತ್ತಾರಂತೆ. ಎರಡು ಮೂರು ವಾರವಾಗುತ್ತದೆ.

ಆಗಸ್ಟ್ 13, ಬುಧವಾರ, ಮಧ್ಯಾಹ್ನ 3

ರಿಪೋರ್ಟು ಬಂತು. 46, XY.

ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೆ. XX ಹೆಣ್ಣು, XY ಗಂಡು. ಕೆಳಗೆ ಎರಡು ಗೆರೆ ಎಳೆದು.

ಇವತ್ತು ಇಷ್ಟು ಸಾಕು.

ಆಗಸ್ಟ್ 17, ಭಾನುವಾರ

ಮೂರು ದಿನ ಕಾಲೇಜಿಗೆ ಹೋಗಲಿಲ್ಲ, ಹದಿನೈದರ ಧ್ವಜಾರೋಹಣಕ್ಕೂ. ಕನ್ನಡಿಯ ಮೇಲೆ ಟವೆಲ್ ಹಾಕಿದ್ದೇನೆ. ನನ್ನ ಕೈ, ನನ್ನ ಕುತ್ತಿಗೆ, ಎಲ್ಲ ಯಾರದೋ ಎಂಜಲು ತಟ್ಟೆಯಂತೆ. ಸ್ನಾನ ಮಾಡುವಾಗಲೂ ಕಣ್ಣು ಮುಚ್ಚಿಕೊಂಡೆ. ನಲವತ್ತಾರು ವರ್ಷ ಇದರೊಳಗೇ ಇದ್ದವಳು ನಾನು. ಒಂದು ಅಕ್ಷರಕ್ಕೆ ಇಷ್ಟು ಹೇಸಿಗೆಯೇ? ಹಾಗೆ ಹೇಸಿದ್ದಕ್ಕೆ ಇನ್ನಷ್ಟು ಹೇಸಿಗೆ.

ನಿನ್ನೆ ಡಾ. ಮನೋಹರ್ ಮುಕ್ಕಾಲು ಗಂಟೆ ವಿವರಿಸಿದರು. ನನಗೇ ಆ ಪಾಠ. ಸ್ಟಿರಾಯ್ಡ್ ಹಾರ್ಮೋನು ಕೊಬ್ಬಿನ ಜಾತಿ. ಕೋಶಪೊರೆ ಅದನ್ನು ತಡೆಯುವುದಿಲ್ಲ, ಸೀದಾ ಒಳಗೆ ಬರುತ್ತದೆ. ಒಳಗೆ ರಿಸೆಪ್ಟರ್ ಅದನ್ನು ಹಿಡಿದುಕೊಂಡು ನ್ಯೂಕ್ಲಿಯಸ್ಸಿಗೆ ಒಯ್ಯುತ್ತದೆ. ಅಲ್ಲಿ ಡಿಎನ್‌ಎ ಮೇಲೆ ಕೂತು ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧಾರವಾಗುತ್ತದೆ. ಮೀಸೆ, ಧ್ವನಿ, ಎದೆ, ಮೂಳೆ, ಎಲ್ಲ ಅದರಿಂದ. ಇಪ್ಪತ್ತಮೂರು ವರ್ಷ ಇದನ್ನೇ ಹೇಳಿ ಸಂಬಳ ತೆಗೆದುಕೊಂಡವಳು.

ನನ್ನ ದೇಹ ಟೆಸ್ಟೋಸ್ಟಿರಾನ್ ಮಾಡುತ್ತಿತ್ತು, ಧಾರಾಳವಾಗಿ. ಹಿಡಿಯುವ ರಿಸೆಪ್ಟರ್ ಕೆಟ್ಟಿತ್ತು. ಹಿಡಿಯುವವರಿಲ್ಲದ ಹಾರ್ಮೋನು ಒಂದಿಷ್ಟು ಈಸ್ಟ್ರೋಜನ್ ಆಯಿತು. ಎದೆ ಬಂತು, ಮೊಡವೆ ಬರಲಿಲ್ಲ, ಕಂಕುಳಲ್ಲಿ ಕೂದಲಿಲ್ಲ. ಗರ್ಭಕೋಶ ಮೊದಲಿಂದಲೂ ಇರಲಿಲ್ಲ. ಗಡ್ಡೆಯೂ ಇರಲಿಲ್ಲ. ತೆಗೆದದ್ದು ಎರಡು ಗ್ರಂಥಿ. ಒಳಗೇ ಉಳಿದಿದ್ದ ವೃಷಣಗಳು. ಮೂಳೆಗೆ ಬೇಕಾದ ಹಾರ್ಮೋನು ಬರುತ್ತಿದ್ದದ್ದು ಅಲ್ಲಿಂದಲೇ. ತೆಗೆದ ಮೇಲೆ ಮಾತ್ರೆಯಲ್ಲಿ ಕೊಡುತ್ತಲೇ ಇರಬೇಕಿತ್ತು. ಆಪರೇಷನ್ ಆದ ಮೇಲೆ ಶಕ್ತಿಗೆ ಎಂದು ಅಮ್ಮ ಎರಡು ವರ್ಷ ಏನೋ ಮಾತ್ರೆ ನುಂಗಿಸಿದ್ದು ನೆನಪಾಯಿತು.

"ನೀವು ಹೆಣ್ಣೇ ಮೇಡಂ" ಎಂದರು ಡಾಕ್ಟರು. "ಆ ಹಾರ್ಮೋನ್ ಹೇಳಿದ್ದನ್ನ ನಿಮ್ಮ ದೇಹ ಒಂದ್ ದಿನಾನೂ ಕೇಳಿಲ್ಲ."

ಆಮೇಲೆ ಕೇಳಿದರು, "ಇದು ತಾಯಿ ಕಡೆಯಿಂದ ಬರೋದು. ತಂಗಿ ಇದಾರಾ?"

"ಇದಾಳೆ. ಅವಳಿಗೊಬ್ಳು ಮಗಳು."

"ಮಗಳು ದೊಡ್ಡೋಳಾಗಿದಾಳಾ?"

ಗೊತ್ತಿಲ್ಲ ಎಂದೆ. ಗೊತ್ತಿತ್ತು. ಆಗಿದ್ದರೆ ಅಮ್ಮ ಆರತಿ ಮಾಡದೆ ಬಿಡುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ರಿಪೋರ್ಟನ್ನು ಅಮ್ಮನ ಮುಂದಿಟ್ಟೆ. ಓದಲಿಲ್ಲ. ಏನೆಂದು ಅವಳಿಗೆ ತಿಳಿಯಿತು. ಸೆರಗಿನಲ್ಲಿ ಕನ್ನಡಕ ಒರೆಸುತ್ತ ಕೂತಳು.

"ಡಾಕ್ಟ್ರೇ ಹೇಳಿದ್ರು ಕಣೇ, ಹೇಳ್ಬೇಡಿ ಅಂತ. ಹೇಳಿದ್ರೆ ಹುಡುಗಿ ಬಾವಿಗೆ ಬೀಳ್ತಾಳೆ ಅಂದ್ರು. ನಾವೇನ್ ಓದ್ದೋರಾ?"

"ಅಪ್ಪಂಗೂ ಗೊತ್ತಿತ್ತಾ?"

"ಗೊತ್ತಿತ್ತು. ಹೋಗೋವರ್ಗೂ ಕೊರಗಿದ್ರು."

"ಮಾತ್ರೆ ಯಾಕೆ ನಿಲ್ಲಿಸ್ದೆ? ಎರಡು ವರ್ಷ ಕೊಟ್ಟಿದ್ದೆಯಲ್ಲ."

ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದಳು. "ಆ ಮೆಡಿಕಲ್ ಶಾಪಿನೋನು... ಇದು ಮಕ್ಕಳಾಗದ ಹಾಗೆ ತಗೊಳ್ಳೋ ಮಾತ್ರೆ ಅಲ್ವಾ, ನಿಮ್ಮನೇಲಿ ಯಾರಿಗೆ ಅಂತ ಕೇಳ್ಬಿಟ್ಟ. ಏನ್ ಹೇಳ್ಲಿ ನಾನು? ನಿಂಗಿನ್ನೂ ಹದಿನೆಂಟು."

ಅಂಗಡಿಯವನ ಒಂದು ಪ್ರಶ್ನೆಗೆ ನನ್ನ ಮೂಳೆ ಹೋಯಿತು. ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಅಮ್ಮ ಬಾಗಿಲಾಚೆ ನಿಂತು, "ಮಜ್ಜಿಗೆ ಕೊಡ್ಲೇನೇ?" ಎಂದು ಕೇಳುತ್ತಿದ್ದಳು.

ಆಗಸ್ಟ್ 30, ಶನಿವಾರ

ಆ ಆಸ್ಪತ್ರೆ ಮತ್ತೆ ಮತ್ತೆ ನೆನಪಾಗುತ್ತಿದೆ. 1995. ದೊಡ್ಡ ಡಾಕ್ಟರು ಹೊದಿಕೆ ಎತ್ತಿದರು. ಮಂಚದ ಸುತ್ತ ಹನ್ನೆರಡು ಮಂದಿ ವಿದ್ಯಾರ್ಥಿಗಳು, ಎಣಿಸಿದ್ದೆ. ಒಬ್ಬ ಏನೋ ಅಗಿಯುತ್ತಿದ್ದ, ಲವಂಗದ ವಾಸನೆ. ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಯಾರೋ ಬಗ್ಗಿ ನೋಡಿದರು. ನನ್ನ ಮುಖವನ್ನು ಒಬ್ಬರೂ ನೋಡಲಿಲ್ಲ. ಅಮ್ಮ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತಿದ್ದಳು.

ಲೈಬ್ರರಿಯಲ್ಲಿ ಒಂದು ಹಳೆಯ ಮೆಡಿಕಲ್ ಪುಸ್ತಕ ತೆರೆದೆ. ಈ ವಿಷಯದ ಕೆಳಗೆ ಒಂದು ಫೋಟೋ. ಬಟ್ಟೆಯಿಲ್ಲದೆ ಗೋಡೆಗೆ ನಿಲ್ಲಿಸಿದ ಹುಡುಗಿ, ಕಣ್ಣಿನ ಮೇಲೆ ಕಪ್ಪು ಪಟ್ಟಿ. ಪುಟವನ್ನು ಕಣ್ಣಿನ ಹತ್ತಿರ ಹಿಡಿದೆ. ನಾನಲ್ಲ. ಕಿವಿ ಬೇರೆ. ನಾನಲ್ಲ ಎಂದು ಸಮಾಧಾನವಾಯಿತು. ಯಾರೋ ಒಬ್ಬಳು ಇದ್ದೇ ಇದ್ದಾಳಲ್ಲ ಅಲ್ಲಿ. ಸಮಾಧಾನಪಟ್ಟ ನಾನೂ ಆ ಹನ್ನೆರಡು ಮಂದಿಯಲ್ಲಿ ಒಬ್ಬಳು.

ಇವತ್ತು ಸ್ಟಾಫ್ ರೂಮಿನಲ್ಲಿ ಸಂಕರ್ಷಣ ಒಬ್ಬನೇ ಇದ್ದ. ಸೀದಾ ಕೇಳಿದೆ: "ಅವತ್ತು ನನ್ನ ಕೈಗೆ ಕೀ ಯಾಕೆ ಕೊಟ್ರಿ?"

ತಡವರಿಸಿದ. "ನಿಮ್ಗೆ... ಫಿಟ್ಸ್ ಇದೆಯಲ್ಲ ಅಂತ."

"ಯಾರ್ ಹೇಳಿದ್ರು?"

"ನಿಮ್ಮ ತಾಯಿಯೋರೇ ಬಂದಿದ್ರು ನಮ್ಮನೆಗೆ. ಆಗ. ಹುಡುಗಿಗೆ ಮೂರ್ಛೆ ರೋಗ ಇದೆ, ದಯವಿಟ್ಟು ಮುಂದುವರೀಬೇಡಿ ಅಂತ ಕೈ ಮುಗಿದ್ರು. ನಮ್ಮಮ್ಮ ಹೆದರಿಬಿಟ್ರು. ನಾನೂ..." ಕೀ ಗೊಂಚಲು ತೆಗೆದು ಮೇಜಿನ ಮೇಲಿಟ್ಟ. "ಇಷ್ಟು ವರ್ಷ ಕಾರಿಡಾರಲ್ಲಿ ನೀವು ಕಂಡಾಗೆಲ್ಲ ಕೀ ಇದ್ಯಾ ಅಂತ ಜೇಬು ಮುಟ್ಕೊಳ್ತಿದ್ದೆ."

ಅಳಬೇಕೋ ಅವನಿಗೆ ಎರಡು ಬಾರಿಸಬೇಕೋ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ನನಗೋಸ್ಕರ ಜೇಬು ಮುಟ್ಟಿಕೊಂಡವನು. ಒಂದು ಸಲ ಬಂದು ನನ್ನನ್ನೇ ಕೇಳಲಿಲ್ಲ. ಬೆಲ್ ಆಯಿತು. ಕ್ಲಾಸಿಗೆ ಹೋದೆ.

ಅಮ್ಮನ ಹತ್ತಿರ ಇದನ್ನು ಎತ್ತಲಿಲ್ಲ. ಎತ್ತಿದರೆ ಏನು ಹೇಳುತ್ತಾಳೆಂದು ಗೊತ್ತು. ಒಳ್ಳೆಯದಕ್ಕೇ ಮಾಡ್ದೆ ಅನ್ನುತ್ತಾಳೆ. ಆ ಮಾತು ಕೇಳಿದರೆ ಅವಳ ಜೊತೆ ಒಂದು ಸೂರಿನಡಿ ಇರಲಾರೆ.

ಸೆಪ್ಟೆಂಬರ್ 14, ಭಾನುವಾರ

ಈ ಸಲ ದಸರಾಗೆ ಗೊಂಬೆ ಕೂರಿಸುವುದು ಬೇಡ ಎಂದಳು ಅಮ್ಮ. ಅಪ್ಪ ಹೋದ ವರ್ಷ ಬಿಟ್ಟರೆ ಎಂದೂ ನಿಲ್ಲಿಸಿದವಳಲ್ಲ. ಯಾಕೆ ಎಂದರೆ, "ಲಾಸ್ಯಾಗೊಂದು ಸಣ್ಣ ಆಪರೇಷನ್ನು. ಇಪ್ಪತ್ನಾಲ್ಕಕ್ಕೆ."

ಒಲೆಯ ಮುಂದೆ ನಿಂತಿದ್ದೆ. ಉರಿ ಆರಿಸಿದೆ.

ಮಧ್ಯಾಹ್ನ ಆರಾಧನಾ ಬಂದಳು. ಒಬ್ಬಳೇ.

"ಅವಳಿಗೂ ಅದೇ ಅಲ್ವಾ?" ಎಂದೆ.

ಚಪ್ಪಲಿ ಬಿಚ್ಚುತ್ತಿದ್ದವಳು ಹಾಗೇ ನಿಂತಳು. "ಏಪ್ರಿಲಲ್ಲೇ ಗೊತ್ತಾಯ್ತು ಅಕ್ಕ."

"ಲಾಸ್ಯಾಗೆ ಏನ್ ಹೇಳಿದೀರಿ?"

"ಗಡ್ಡೆ ಅಂತ."

ಅದೇ ಶಬ್ದ. ಒಂದು ಹೊಸ ಸುಳ್ಳನ್ನೂ ಹುಡುಕಿಲ್ಲ. ನನಗೆ ಉಡಿಸಿ ಬಿಚ್ಚಿದ ಮೈಲಿಗೆ ಬಟ್ಟೆಯನ್ನೇ ಆ ಮಗುವಿಗೆ ಉಡಿಸುತ್ತಿದ್ದಾರೆ.

"ನನ್ನ ವಿಷ್ಯ ನಿಂಗೆ ಯಾವಾಗಿಂದ ಗೊತ್ತು?"

"ನನ್ನ ಮದುವೆಗೆ ಮುಂಚೆ ಅಮ್ಮ ಹೇಳಿದ್ಲು." ಹದಿನೆಂಟು ವರ್ಷ. ಪ್ರತಿ ವರ್ಷ ನನ್ನ ಹುಟ್ಟುಹಬ್ಬಕ್ಕೆ ಸೀರೆ ತಂದಿದ್ದಾಳೆ.

ಅಮ್ಮ ನಡುವೆ ಬಂದಳು. "ನೀನೇನು ಹಾಳಾಗೋದ್ಯಾ? ಓದ್ದೆ, ಕೆಲ್ಸ ಸಿಕ್ತು, ನಾಲ್ಕು ಜನ ಮೇಡಂ ಅಂತಾರೆ. ಅವಳೂ ಹಾಗೇ ಇರ್ತಾಳೆ ಬಿಡು."

ನನ್ನ ಮುರಿದ ಕೈಯನ್ನು ಅವಳ ಮುಖದ ಹತ್ತಿರ ಹಿಡಿದೆ. ಆರಾಧನಾ ಅಳುತ್ತ ಹೋದಳು.

ತಿಂಗಳ ಹಿಂದೆಯೇ ಡಾಕ್ಟರು ಕೇಳಿದ್ದರು, ತಂಗಿಯ ಮಗಳ ವಿಷಯ. ನಾನು ನನ್ನ ಗೋಳಿನಲ್ಲಿ ಮುಳುಗಿ ಸುಮ್ಮನಿದ್ದೆ. ಇವರಿಗಿಂತ ನಾನೇನು ಮೇಲು?

ಸೆಪ್ಟೆಂಬರ್ 16, ಮಂಗಳವಾರ

ಡಾ. ಮನೋಹರ್ ಹತ್ತಿರ ಹೋದೆ.

"ಈಗ್ಲೇ ತೆಗೀಬೇಕು ಅಂತೇನಿಲ್ಲ" ಎಂದರು. "ಈ ವಯಸ್ಸಲ್ಲಿ ಕ್ಯಾನ್ಸರ್ ಭಯ ತುಂಬಾ ಕಮ್ಮಿ. ಅವಳ ಮೂಳೆ ಬೆಳೀತಿರೋದೇ ಆ ಗ್ರಂಥಿಗಳಿಂದ. ಚೆಕ್ ಮಾಡಿಸ್ಕೊಂಡಿದ್ದು, ಹದಿನೆಂಟು ತುಂಬಿದ ಮೇಲೆ ಅವಳೇ ತೀರ್ಮಾನ ಮಾಡ್ಬಹುದು. ಆದ್ರೆ ಅವಳಿಗೆ ಗೊತ್ತಿರ್ಬೇಕು."

"ನಾನು ಹೇಳ್ಬಹುದಾ?"

"ಅವಳ ರಿಪೋರ್ಟ್ ನೀವು ಹೇಳೋ ಹಾಗಿಲ್ಲ ಮೇಡಂ. ಅಪ್ಪ ಅಮ್ಮ ಹೇಳ್ಬೇಕು. ನಮ್ಮಲ್ಲಿ ಕೌನ್ಸೆಲರ್ ಇದಾರೆ, ಕರ್ಕೊಂಡ್ ಬರ್ಲಿ."

"ನನ್ನ ರಿಪೋರ್ಟು?"

ಕನ್ನಡಕ ತೆಗೆದರು. "ಅದು ನಿಮ್ದು."

ಸೆಪ್ಟೆಂಬರ್ 20, ಶನಿವಾರ

ಮಲ್ಲೇಶ್ವರಕ್ಕೆ ಹೋದೆ. ಎಂಟನೇ ಕ್ರಾಸಿನ ನೂಕುನುಗ್ಗಲು, ಹೂವಿನ ಕೊಳೆ ಕಾಲಿಗೆ ಮೆತ್ತಿತು. ಹಾಲಿನಲ್ಲಿ ಆರಾಧನಾ, ಅವಳ ಗಂಡ ಕಶ್ಯಪ್, ಲಾಸ್ಯಾ ಮೂವರೂ ಇದ್ದರು. ಲಾಸ್ಯಾ ಶೂ ಲೇಸು ತೊಳೆದು ಒಣಗಿಸುತ್ತಿದ್ದಳು. ಆಪರೇಷನ್ ಆದ ಎಷ್ಟು ದಿನಕ್ಕೆ ಆಡಬಹುದು ಎಂದು ನನ್ನನ್ನು ಕೇಳಿದಳು.

"ಲಾಸ್ಯಾ, ನನ್ನ ಕಥೆ ಒಂದು ಹೇಳ್ತೀನಿ. ನನ್ನದು ಮಾತ್ರ" ಎಂದೆ.

ಆರಾಧನಾ ಎದ್ದಳು. "ಅಕ್ಕ, ಬೇಡ."

ಕಶ್ಯಪ್ ಅವಳ ಕೈ ಹಿಡಿದು ಕೂರಿಸಿದ. ಇದನ್ನು ನಾನು ನಿರೀಕ್ಷಿಸಿರಲಿಲ್ಲ. "ಅತ್ತಿಗೆ ಹೇಳ್ಲಿ" ಎಂದ, ಅಷ್ಟೇ.

ಹೇಳಿದೆ. ಬಿದ್ದದ್ದು, ಮೂಳೆ, ರಕ್ತ, XY, ಕೆಟ್ಟ ರಿಸೆಪ್ಟರು. ಮಂಚದ ಸುತ್ತ ನಿಂತ ಹನ್ನೆರಡು ಜನ. ಗಡ್ಡೆ ಅಂದದ್ದು. ಪಾಠದ ಧ್ವನಿಯಲ್ಲೇ ಹೇಳಿದೆ, ಬೇರೆ ಧ್ವನಿ ಬರಲಿಲ್ಲ. ಲಾಸ್ಯಾ ಲೇಸನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು. ಬೆರಳ ತುದಿ ನೀಲಿಯಾಯಿತು.

"ದೊಡ್ಡಮ್ಮ, ನಂಗೂ ಗಡ್ಡೆ ಅಂತಾನೇ ಹೇಳಿದಾರೆ."

ಆರಾಧನಾ ಗಂಡನ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ನಂಗೂ ಅದೇನಾ?"

"ಅದನ್ನ ನಿಮ್ಮಮ್ಮನ್ನ ಕೇಳು."

ಅವಳು ತನ್ನ ಅಮ್ಮನ ಕಡೆ ತಿರುಗಿದಳು. ಆರಾಧನಾ ಸೆಟೆದು ನಿಂತು, "ಹೊರಗೆ ನಡಿ ಅಕ್ಕ. ಇನ್ಮೇಲೆ ಈ ಮನೆಗೆ ಬರ್ಬೇಡ" ಎಂದಳು. ಲಾಸ್ಯಾ ಬಾತ್‌ರೂಮಿಗೆ ಓಡಿದಳು. ನಲ್ಲಿ ಬಿಟ್ಟ ಸದ್ದು. ಅದರ ಹಿಂದೆ ಓಕರಿಸುವ ಸದ್ದು.

ಮೆಟ್ಟಿಲಿಳಿದು ಬಂದೆ. ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಒಂದು ಮಗುವಿಗೆ ಅವಳ ದೇಹದ ಮೇಲೆ ಹೇಸಿಗೆ ಹುಟ್ಟಿಸಿ ಬಂದೆ, ಅದು ಮಾತ್ರ ಗೊತ್ತು.

ಸೆಪ್ಟೆಂಬರ್ 22, ಸೋಮವಾರ

ಅಮ್ಮ ನಾನು ಮಾಡಿದ್ದನ್ನು ತಿನ್ನುತ್ತಿಲ್ಲ. ಬರೀ ಹಣ್ಣು, ಹಾಲು. "ಆ ಮನೆ ಹಾಳ್ ಮಾಡಿ ಬಂದೆ" ಎಂದಳು ಒಮ್ಮೆ.

ಲಾಸ್ಯಾ ಫೋನ್ ಎತ್ತುತ್ತಿಲ್ಲ. ಮೆಸೇಜು ನೋಡಿದ್ದಾಳೆ, ಉತ್ತರವಿಲ್ಲ.

ಮಾತ್ರೆ ಶುರುಮಾಡಿದ್ದೇನೆ, ಈಸ್ಟ್ರೋಜನ್ನು. ನಿಲ್ಲಿಸಿದ ಇಪ್ಪತ್ತೆಂಟು ವರ್ಷದ ಮೇಲೆ. ಅಂಗಡಿಯಲ್ಲಿ ಗಟ್ಟಿಯಾಗಿ ಹೆಸರು ಹೇಳಿ ಕೇಳಿದೆ. ಪಕ್ಕದವನು ತಿರುಗಿ ನೋಡಿದ. ನೋಡಲಿ.

ಸೆಪ್ಟೆಂಬರ್ 24, ಬುಧವಾರ, ಬೆಳಿಗ್ಗೆ 10.40

ಡಾ. ಮನೋಹರ್ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಏಳೂವರೆಗೆ ಎನ್.ಆರ್. ಕಾಲೋನಿಯ ನಮ್ಮ ಮನೆ ಮುಂದೆ ಕಶ್ಯಪ್‌ನ ಕಾರು ನಿಂತಿತು. ಆಪರೇಷನ್‌ಗೆ ಹೊರಟವರು, ಮೊದಲು ಅಜ್ಜಿಯನ್ನು ನೋಡಬೇಕೆಂದು ಲಾಸ್ಯಾ ಹಟ ಹಿಡಿದಳಂತೆ. ಹಿಂದಿನ ಸೀಟಿನಲ್ಲಿ ಆಸ್ಪತ್ರೆಯ ಬ್ಯಾಗು. ಲಾಸ್ಯಾ ಇಳಿದು ಬಂದು ನಮ್ಮ ಜಗಲಿಯ ಮೇಲೆ ಕೂತುಬಿಟ್ಟಳು. ಮುಖ ಊದಿತ್ತು.

"ಅಜ್ಜಿ ಮುಂದೆ ಹೇಳು ಅಮ್ಮ. ನಂಗೇನಾಗಿದೆ ಅಂತ ನೀನೇ ಬಾಯಿಬಿಟ್ಟು ಹೇಳು. ಹೇಳೋವರ್ಗೂ ಏಳಲ್ಲ."

ನಾಲ್ಕು ದಿನ ಮನೆಯಲ್ಲಿ ಇದೇ ನಡೆದಿದೆ ಎಂದ ಕಶ್ಯಪ್. ಲಾಸ್ಯಾ ಕೇಳುವುದು, ಆರಾಧನಾ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಎದುರುಮನೆ ನಾರಾಯಣಮ್ಮ ರಂಗೋಲಿ ಬಿಟ್ಟು ನಮ್ಮ ಕಡೆಯೇ ನೋಡುತ್ತಿದ್ದರು. ಒಳಗೆ ಬಾ ಎಂದು ಅಮ್ಮ ಪಿಸುಗುಟ್ಟಿದಳು. ಲಾಸ್ಯಾ ಅಲುಗಲಿಲ್ಲ.

ಆರಾಧನಾ ಗೇಟು ಹಿಡಿದು ನಿಂತಿದ್ದಳು. ಆಮೇಲೆ ಬಂದು ಮಗಳ ಕಾಲ ಬಳಿ, ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಹೇಳಿದಳು. ಮೆಲ್ಲಗೆ, ಒಂದೊಂದೇ ಶಬ್ದ. ಗಡ್ಡೆ ಇಲ್ಲ ಪುಟ್ಟಿ. ಸುಳ್ಳು ಹೇಳಿದ್ವಿ. ನಿಂಗೆ ಗರ್ಭಕೋಶ ಇಲ್ಲ. ಒಳಗಿರೋದು... ಆ ಶಬ್ದಕ್ಕೆ ಬಂದಾಗ ನನ್ನ ಕಡೆ ನೋಡಿದಳು. ನಾನು ಹೇಳಿಕೊಡಲಿಲ್ಲ. ತಾನೇ ಹೇಳಿದಳು.

ಲಾಸ್ಯಾ ಮೂಗು ಒರೆಸಿಕೊಂಡು, "ಇವತ್ತು ಆಸ್ಪತ್ರೆಗೆ ಹೋಗಲ್ಲ. ದೊಡ್ಡಮ್ಮನ ಡಾಕ್ಟ್ರ ಹತ್ರ ಹೋಗೋಣ. ಎಲ್ರೂ. ಅಜ್ಜೀನೂ" ಎಂದಳು. ಕಶ್ಯಪ್ ಅಲ್ಲೇ ಸರ್ಜನ್‌ಗೆ ಫೋನ್ ಮಾಡಿ ಬೇಡವೆಂದ. ನಾನು ಇಲ್ಲಿಗೆ ಮಾಡಿದೆ.

ಈಗ ಅವಳು ಒಳಗಿದ್ದಾಳೆ, ಕೌನ್ಸೆಲರ್ ಮತ್ತು ಡಾಕ್ಟರ ಜೊತೆ. ಯಾರೂ ಬರಬೇಡಿ ಎಂದು ಹೇಳಿ ಹೋದಳು. ನಲವತ್ತು ನಿಮಿಷವಾಯಿತು. ಹೊರಗೆ ನಾವು ನಾಲ್ವರು ಸಾಲಾಗಿ. ಆರಾಧನಾ ನನ್ನ ಪಕ್ಕ ಕೂತಿದ್ದಾಳೆ. ನೀರಿನ ಬಾಟಲಿ ನನ್ನ ಕಡೆ ಸರಿಸಿದಳು. ಅವಳು ಬಾಯಿಟ್ಟು ಕುಡಿದದ್ದು. ಕುಡಿದೆ. ಅಮ್ಮ ತುದಿಯಲ್ಲಿ, ಎಲ್ಲರಿಂದ ಒಂದು ಮೊಳ ದೂರ. ಅವಳನ್ನು ಕಂಡರೆ ಇನ್ನೂ ಹೇಸಿಗೆಯಾಗುತ್ತದೆ. ಅದು ಹೋಗುತ್ತದೆಂದು ನನಗನ್ನಿಸುವುದಿಲ್ಲ.

ಬಾಗಿಲು ತೆರೆಯಿತು. ಲಾಸ್ಯಾ. ಅತ್ತಿದ್ದಾಳೆ, ಆದರೆ ಬೆನ್ನು ನೆಟ್ಟಗಿದೆ. ಆರಾಧನಾ ಎದ್ದಳು. ಬೇಡ ಎಂದು ಲಾಸ್ಯಾ ಕೈ ತೋರಿಸಿದಳು.

"ಅಜ್ಜಿ, ನೀನು ಒಳಗೆ ಬಾ. ಡಾಕ್ಟ್ರು ಹೇಳೋದನ್ನ ನೀನೂ ಕೂತ್ಕೊಂಡು ಕೇಳು."

ಅಮ್ಮ ಎದ್ದಿದ್ದಾಳೆ. ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟಳು, ನಿಂತಳು. ಕಶ್ಯಪ್ ಹೋದರೆ ಬೇಡ ಎಂದಳು. ನನ್ನ ಕಡೆ ಕೈ ಚಾಚಿದ್ದಾಳೆ. ಬಾ ಎನ್ನುತ್ತಿಲ್ಲ, ಬರೀ ಚಾಚಿದ್ದಾಳೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಪೆನ್ನು ಮುಚ್ಚಿಟ್ಟು ಆ ಕೈ ಹಿಡಿಯಲು ಏಳುತ್ತಿದ್ದೇನೆ.